‘ರೋಲ್‌ಬ್ಯಾಕ್ ಇದೆಯಾ?’: ಫೈಟಿಂಗ್ ಗೇಮ್ ಅಭಿಮಾನಿಗಳು ಮೊದಲು ಕೇಳುವ ಪ್ರಶ್ನೆ

ಹೊಸ ಫೈಟಿಂಗ್ ಗೇಮ್ ಒಂದರ ಟ್ರೇಲರ್ ಬಂತು ಅಂದುಕೊಳ್ಳಿ. ಎರಡು ನಿಮಿಷದ ವಿಡಿಯೋ. ಬೆಂಕಿ, ಮಿಂಚು, ಕತ್ತಿ. ಯಾವನೋ ಒಬ್ಬ ಇನ್ನೊಬ್ಬನನ್ನು ಆಕಾಶಕ್ಕೆ ಎತ್ತಿ ಒಗೆಯುತ್ತಾನೆ. ಸುಮ್ನೆ ನೋಡುವವರು ‘ಗ್ರಾಫಿಕ್ಸ್ ಸೂಪರ್’ ಅನ್ನುತ್ತಾರೆ. ಈ ಆಟ ಆಡಿ ಆಡಿ ಹೆಬ್ಬೆರಳು ಸವೆಸಿಕೊಂಡವರು ಬೆಂಕಿಯನ್ನೂ ಕೇಳುವುದಿಲ್ಲ, ಕತ್ತಿಯನ್ನೂ ಕೇಳುವುದಿಲ್ಲ. ಅವರದು ಒಂದೇ ಪ್ರಶ್ನೆ: ರೋಲ್‌ಬ್ಯಾಕ್ ಇದೆಯಾ?

ಇದೆ ಅಂದರೆ ಹಬ್ಬ. ಇಲ್ಲ ಅಂದರೆ ಸೂತಕದ ಮನೆ.

ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದವರನ್ನು ನೆನಪಿಸಿಕೊಳ್ಳಿ. ಓನರ್ ಹಾಲ್ ತೋರಿಸುತ್ತಾರೆ, ಮಾಡ್ಯುಲರ್ ಕಿಚನ್ ತೋರಿಸುತ್ತಾರೆ. ಊರಿಗೆ ಹಳಬರಾದವರು ಅದೆಲ್ಲ ಪಕ್ಕಕ್ಕಿಟ್ಟು ‘ಕಾವೇರಿ ನೀರು ಬರುತ್ತಾ?’ ಅಂತ ಕೇಳುತ್ತಾರೆ. ನೀರಿಲ್ಲದ ಕಿಚನ್ ಎಷ್ಟು ಚೆಂದ ಇದ್ದರೇನು? ರೋಲ್‌ಬ್ಯಾಕ್ ಪ್ರಶ್ನೆಯೂ ಅಂಥದ್ದೇ.

ಆದರೆ ಈ ರೋಲ್‌ಬ್ಯಾಕ್ ಅಂದರೆ ಏನು? ಒಂದು ತಾಂತ್ರಿಕ ಪದಕ್ಕೆ ಸಾವಿರಾರು ಜನ ಇಷ್ಟೊಂದು ಕುಣಿದಾಡುವುದು, ಇಷ್ಟೊಂದು ಜಗಳ ಆಡುವುದು ಯಾಕೆ? ಬಿಡಿಸಿ ನೋಡೋಣ.

ಒಂದು ಸೆಕೆಂಡಿನಲ್ಲಿ 60 ಚಿತ್ರ

90ರ ದಶಕದಲ್ಲಿ ನಮ್ಮೂರಿನ ಬಸ್‌ಸ್ಟ್ಯಾಂಡ್ ಹಿಂದೆ ಒಂದು ವಿಡಿಯೋ ಗೇಮ್ ಪಾರ್ಲರ್ ಇತ್ತು. ಒಂದು ರೂಪಾಯಿ ಕಾಯಿನ್ ಹಾಕಿದರೆ ಒಂದು ಆಟ. ಸ್ಟ್ರೀಟ್ ಫೈಟರ್ ಪೆಟ್ಟಿಗೆ ಮುಂದೆ ಇಬ್ಬರು ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದೆವು. ಹಿಂದೆ ಹತ್ತು ಜನ ಸಲಹೆ ಕೊಡುವವರು. ನಾನು ಒತ್ತಿದ ಗುಂಡಿ, ಅವನು ಒತ್ತಿದ ಗುಂಡಿ ಎರಡೂ ಅದೇ ಪೆಟ್ಟಿಗೆಯೊಳಗೆ ಹೋಗುತ್ತಿದ್ದವು. ಲ್ಯಾಗ್, ಅಂದರೆ ಒತ್ತಿದ್ದು ತಡವಾಗಿ ತಲುಪುವುದು, ಎನ್ನುವ ಮಾತೇ ಇರಲಿಲ್ಲ. ಸೋತರೆ ‘ಜಾಯ್‌ಸ್ಟಿಕ್ ಲೂಸ್ ಇದೆ’ ಅನ್ನುತ್ತಿದ್ದೆವು, ಅಷ್ಟೇ.

ಈ ಆಟಗಳ ಲೆಕ್ಕಾಚಾರವೆಲ್ಲ ಆ ಪೆಟ್ಟಿಗೆಯ ಕಾಲದಿಂದ ಬಂದದ್ದು. ಪರದೆ ಸೆಕೆಂಡಿಗೆ 60 ಸಲ ಬದಲಾಗುತ್ತದೆ. ಒಂದೊಂದು ಚಿತ್ರಕ್ಕೆ ಫ್ರೇಮ್ ಅನ್ನುತ್ತಾರೆ. ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್. ಸ್ಟ್ರೀಟ್ ಫೈಟರ್‌ನ ವೇಗದ ಗುದ್ದು ನಾಲ್ಕು ಫ್ರೇಮ್‌ನಲ್ಲಿ ತಾಗುತ್ತದೆ. ಅಂದರೆ ನೀವು ಕಣ್ಣು ಮಿಟುಕಿಸಿ ತೆರೆಯುವಷ್ಟರಲ್ಲಿ ಪೆಟ್ಟು ಬಿದ್ದಾಗಿರುತ್ತದೆ.

ಇನ್ನೊಂದು ಲೆಕ್ಕ ನೋಡಿ. ಇದು ಮುಖ್ಯ. ಕಣ್ಣಿಗೆ ಏನೋ ಕಂಡು ಬೆರಳು ಅದಕ್ಕೆ ಉತ್ತರ ಕೊಡಲು ಸಾಮಾನ್ಯ ಮನುಷ್ಯನಿಗೆ 200ರಿಂದ 250 ಮಿಲಿಸೆಕೆಂಡ್ ಬೇಕು. ಫ್ರೇಮ್ ಲೆಕ್ಕದಲ್ಲಿ 12ರಿಂದ 15. ಹಾಗಾಗಿ ಗೇಮ್ ಮಾಡುವವರು ಕೆಲವು ಪೆಟ್ಟುಗಳನ್ನು ಬೇಕಂತಲೇ ನಿಧಾನ ಇಡುತ್ತಾರೆ. ಕೂತು ತಡೆಯುವವನ ತಲೆ ಮೇಲೆ ಬೀಳುವ ಪೆಟ್ಟು ಸುಮಾರು 20 ಫ್ರೇಮ್ ತೆಗೆದುಕೊಳ್ಳುತ್ತದೆ. ನೋಡಿ, ಎದ್ದು, ತಡೆಯಲು ಐದಾರು ಫ್ರೇಮ್ ಉಳಿಯುತ್ತದೆ. ಬಿಗಿ ಸ್ಪರ್ಧೆ, ಆದರೆ ನ್ಯಾಯವಾದದ್ದು.

ಈಗ ಇಬ್ಬರ ನಡುವೆ ಇಂಟರ್ನೆಟ್ ತಂದು ನಿಲ್ಲಿಸಿ. ಆ ಐದಾರು ಫ್ರೇಮನ್ನು ಅದು ತಿಂದುಹಾಕುತ್ತದೆ. ಅಷ್ಟಾದರೆ ಗೇಮ್ ಮಾಡಿದವರು ಕೂತು ತೂಗಿದ ತಕ್ಕಡಿಯೇ ಮುರಿದ ಹಾಗೆ. ಕಂಡ ಪೆಟ್ಟನ್ನೂ ತಡೆಯಲು ಆಗುವುದಿಲ್ಲ. ಆಗ ಉಳಿಯುವುದು ಅದೃಷ್ಟದ ಆಟ.

ಒನಕೆ ಮತ್ತು ಮಾಣಿ

ಇಂಟರ್ನೆಟ್‌ನಲ್ಲಿ ಇಬ್ಬರ ಆಟ ಒಂದೇ ತರಹ ನಡೆಯಬೇಕಾದರೆ ಎರಡು ದಾರಿ ಇದೆ.

ಮೊದಲನೆಯದು ಕಾಯುವ ದಾರಿ. ಇದಕ್ಕೆ ಡಿಲೇ ನೆಟ್‌ಕೋಡ್ ಅನ್ನುತ್ತಾರೆ. (ಆನ್‌ಲೈನ್‌ನಲ್ಲಿ ಇಬ್ಬರ ಆಟವನ್ನು ಜೋಡಿಸುವ ಪ್ರೋಗ್ರಾಂಗೆ ನೆಟ್‌ಕೋಡ್ ಅಂತ ಹೆಸರು.) ಒಂದೇ ಒರಳಿಗೆ ಇಬ್ಬರು ಹೆಂಗಸರು ಒನಕೆ ಹಾಕಿ ಭತ್ತ ಕುಟ್ಟುವುದನ್ನು ನೋಡಿದ್ದೀರಾ? ಒಬ್ಬರ ಒನಕೆ ಮೇಲೆ, ಇನ್ನೊಬ್ಬರದು ಕೆಳಗೆ. ಒಬ್ಬರು ತಡ ಮಾಡಿದರೆ ಇನ್ನೊಬ್ಬರು ಒನಕೆ ಎತ್ತಿ ಹಿಡಿದು ಕಾಯಲೇಬೇಕು, ಇಲ್ಲದಿದ್ದರೆ ಒನಕೆಗೆ ಒನಕೆ ಡಿಕ್ಕಿ. ಡಿಲೇ ಪದ್ಧತಿಯೂ ಹಾಗೇ. ಎದುರಾಳಿ ಒತ್ತಿದ ಗುಂಡಿಯ ಸುದ್ದಿ ನನ್ನ ಮೆಷಿನ್‌ಗೆ ತಲುಪುವವರೆಗೂ ನನ್ನ ಗುಂಡಿಯನ್ನೂ ತಡೆದು ಇಟ್ಟುಕೊಳ್ಳುತ್ತದೆ. ಸುದ್ದಿ ಬರಲು 50 ಮಿಲಿಸೆಕೆಂಡ್ ಆದರೆ ನಾನು ಒತ್ತಿದ ಪ್ರತಿಯೊಂದು ಗುಂಡಿ ಮೂರು ಫ್ರೇಮ್ ತಡ.

ಮೂರು ಫ್ರೇಮ್ ತಾನೇ, ಅಭ್ಯಾಸ ಆಗುತ್ತೆ ಅನ್ನಬಹುದು. ತಡ ಸದಾ ಒಂದೇ ಅಳತೆಯಲ್ಲಿದ್ದರೆ ಅಭ್ಯಾಸ ಆಗುತ್ತದೆ ಕೂಡ. ಆದರೆ ಇಂಟರ್ನೆಟ್ ಹಾಗಿರುವುದಿಲ್ಲವಲ್ಲ. ಈ ಕ್ಷಣ ಮೂರು, ಮುಂದಿನ ಕ್ಷಣ ಏಳು, ಆಮೇಲೆ ಮತ್ತೆ ಮೂರು. ಕಾಂಬೊ ಅಂದರೆ ಒಂದರ ಹಿಂದೆ ಒಂದು ಪೆಟ್ಟು ಪೋಣಿಸುವುದು. ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಬೆರಳಿಗೆ ಕಲಿಸಿದ ಲಯ. ತಾಳ ಹಾಕುವವನು ಮಧ್ಯದಲ್ಲಿ ಕೆಮ್ಮುತ್ತಾ ಕೂತರೆ ಹಾಡುವವನು ಏನು ಮಾಡಬೇಕು?

ಎರಡನೆಯದು ಊಹೆಯ ದಾರಿ. ಅದೇ ರೋಲ್‌ಬ್ಯಾಕ್.

ಹಳೆಯ ಕಾಲದ ಹೋಟೆಲ್ಲಿನ ಮಾಣಿಯನ್ನು ನೆನೆಸಿಕೊಳ್ಳಿ. ದಿನಾ ಏಳೂವರೆಗೆ ಬರುವ ಗಿರಾಕಿ. ಎರಡು ಇಡ್ಲಿ, ಒಂದು ವಡೆ. ಅವರು ಸ್ಕೂಟರ್ ಸ್ಟ್ಯಾಂಡ್ ಹಾಕುವುದು ಕಂಡರೆ ಸಾಕು, ಮಾಣಿ ಕೇಳದೆಯೇ ತಟ್ಟೆ ತಂದಿಡುತ್ತಾನೆ. ನೂರಕ್ಕೆ ತೊಂಬತ್ತು ದಿನ ಅವನ ಊಹೆ ಸರಿ. ಎಂದೋ ಒಂದು ದಿನ ‘ಇವತ್ತು ಏಕಾದಶಿ ಕಣಪ್ಪ, ಬರೀ ಕಾಫಿ’ ಅಂದರೆ ತಟ್ಟೆ ವಾಪಸ್. ಗಿರಾಕಿ ಕೈ ತೊಳೆದು ಬರುವಷ್ಟರಲ್ಲಿ ಟೇಬಲ್ ಮೇಲೆ ಕಾಫಿ. ಇಡ್ಲಿ ಬಂದುಹೋದದ್ದು ಯಾರಿಗೂ ಗೊತ್ತಾಗುವುದೇ ಇಲ್ಲ.

ರೋಲ್‌ಬ್ಯಾಕ್ ಮಾಡುವುದೂ ಇದನ್ನೇ. ಹತ್ತಿರದಿಂದ ನೋಡೋಣ. ಎದುರಾಳಿ ಹಿಂದಕ್ಕೆ ನಡೆಯುತ್ತಿದ್ದಾನೆ. 100ನೇ ಫ್ರೇಮ್‌ವರೆಗಿನ ಸುದ್ದಿ ನನ್ನ ಮೆಷಿನ್‌ಗೆ ಬಂದಿದೆ. 101, 102, 103ರ ಸುದ್ದಿ ಇನ್ನೂ ಸಮುದ್ರದ ಕೆಳಗಿನ ಕೇಬಲ್‌ನಲ್ಲಿದೆ. ಮೆಷಿನ್ ಕಾಯುವುದಿಲ್ಲ. ‘ಹಿಂದಕ್ಕೆ ನಡೆಯುತ್ತಿದ್ದ, ಇನ್ನೂ ನಡೆಯುತ್ತಲೇ ಇರುತ್ತಾನೆ’ ಅಂತ ಊಹೆ ಮಾಡಿ ಆಟ ಮುಂದುವರಿಸುತ್ತದೆ. 104ರಲ್ಲಿ ಸುದ್ದಿ ಬಂತು: ಅವನು 101ರಲ್ಲೇ ಗುದ್ದು ಒತ್ತಿದ್ದಾನೆ! ಆಗ ಮೆಷಿನ್ 100ನೇ ಫ್ರೇಮ್‌ಗೆ ವಾಪಸ್ ಹೋಗುತ್ತದೆ. 101, 102, 103 ಮೂರನ್ನೂ ಸರಿಯಾದ ಗುಂಡಿ ಹಾಕಿ ಮತ್ತೆ ಲೆಕ್ಕ ಮಾಡುತ್ತದೆ. 104ನ್ನು ಪರದೆ ಮೇಲೆ ತೋರಿಸುತ್ತದೆ. ಇಷ್ಟೂ ಕೆಲಸ ಒಂದೇ ಫ್ರೇಮ್‌ನ 16.7 ಮಿಲಿಸೆಕೆಂಡ್ ಒಳಗೆ.

ನನಗೆ ಕಾಣುವುದೇನು? ಎದುರಾಳಿಯ ಕೈ ಏಳುವ ಮೊದಲ ಮೂರು ಫ್ರೇಮ್ ಮಾಯ. ಕೈ ಅರ್ಧ ಎತ್ತಿದಲ್ಲಿಂದ ಕಾಣುತ್ತದೆ. ಗಮನವಿಟ್ಟು ನೋಡದಿದ್ದರೆ ಅದೂ ತಿಳಿಯುವುದಿಲ್ಲ. ಊಹೆ ಬಹುತೇಕ ಸಲ ಸರಿಯಾಗುವುದಕ್ಕೂ ಕಾರಣ ಇದೆ. ಸೆಕೆಂಡಿಗೆ 60 ಫ್ರೇಮ್ ಇದ್ದರೂ ಮನುಷ್ಯ ಅಷ್ಟು ಸಲ ಗುಂಡಿ ಬದಲಿಸುವುದಿಲ್ಲ. ಎಷ್ಟು ಚುರುಕಾದ ಕೈಯಾದರೂ ಸೆಕೆಂಡಿಗೆ ಹತ್ತು ಹದಿನೈದು ಸಲ. ಉಳಿದ ಫ್ರೇಮ್‌ಗಳಲ್ಲಿ ನಿನ್ನೆಯ ಇಡ್ಲಿ ವಡೆಯೇ.

ಇಲ್ಲಿ ಒಂದು ಮಾತು ಹೇಳಲೇಬೇಕು. ಉತ್ಸಾಹದಲ್ಲಿ ಅಭಿಮಾನಿಗಳು ಇದನ್ನು ಮರೆಯುತ್ತಾರೆ. ರೋಲ್‌ಬ್ಯಾಕ್ ದೂರವನ್ನು ಅಳಿಸುವುದಿಲ್ಲ. ಡಿಲೇ ಪದ್ಧತಿಯಲ್ಲಿ ಆ ದೂರ ನಿಮ್ಮ ಕೈಗೆ ತಗಲುತ್ತದೆ. ರೋಲ್‌ಬ್ಯಾಕ್‌ನಲ್ಲಿ ಕಣ್ಣಿಗೆ ತಗಲುತ್ತದೆ. ನನ್ನ ಗುಂಡಿ ಒತ್ತಿದ ತಕ್ಷಣ ನನ್ನ ಪಾತ್ರ ಅಲ್ಲಾಡುತ್ತದೆ. ಎದುರಾಳಿಯ ಚಲನೆ ಮಾತ್ರ ಆಗಾಗ ಚೂರು ಹಾರುತ್ತದೆ. ಆಡುವವರಿಗೆ ಕೇಳಿ ನೋಡಿ, ಕೈ ಕಟ್ಟಿಹಾಕುವುದಕ್ಕಿಂತ ಇದೇ ವಾಸಿ ಅನ್ನುತ್ತಾರೆ.

ಸಿಟ್ಟಿನಲ್ಲಿ ಹುಟ್ಟಿದ್ದು

ಈ ಉಪಾಯವನ್ನು ಫೈಟಿಂಗ್ ಗೇಮ್‌ಗಳಿಗೆ ಒಗ್ಗಿಸಿದ್ದು ದೊಡ್ಡ ಕಂಪನಿ ಅಲ್ಲ. ಒಬ್ಬ ಅಭಿಮಾನಿ. ಅಮೆರಿಕದ ಟೋನಿ ಕ್ಯಾನನ್. 1996ರಲ್ಲಿ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ‘ಬ್ಯಾಟಲ್ ಬೈ ದ ಬೇ’ ಅಂತ ಒಂದು ಸಣ್ಣ ಟೂರ್ನಮೆಂಟ್ ನಡೆಯಿತು. ಅದೇ ಬೆಳೆದು ಈಗ ಲಾಸ್ ವೇಗಸ್‌ನ ಜಾತ್ರೆಯಾದ ಇವೊ. ಅದನ್ನು ಕಟ್ಟಿದವರಲ್ಲಿ ಟೋನಿ ಮತ್ತು ಅವರ ಸೋದರ ಟಾಮ್ ಇಬ್ಬರೂ ಇದ್ದರು. (ಸನಿವೇಲ್ ಅಂದರೆ ನಮ್ಮವರಿಗೆ ಹೊಸ ಹೆಸರೇನಲ್ಲ. ಪ್ರತಿ ಬೀದಿಗೂ ಒಬ್ಬರಾದರೂ ನೆಂಟರು ಸಿಗುತ್ತಾರೆ.)

2006ರಲ್ಲಿ ಎಕ್ಸ್‌ಬಾಕ್ಸ್‌ನಲ್ಲಿ ಸ್ಟ್ರೀಟ್ ಫೈಟರ್ 2ರ ಹೈಪರ್ ಫೈಟಿಂಗ್ ಆವೃತ್ತಿ ಆನ್‌ಲೈನ್ ಆಟದೊಂದಿಗೆ ಬಂತು. ಆನ್‌ಲೈನ್ ಆಡಿದರೆ ಎಮ್ಮೆ ಮೇಲೆ ಕೂತು ರೇಸ್ ಓಡಿಸಿದ ಹಾಗಿತ್ತು. ಅದರಿಂದ ಬೇಸತ್ತು ಕ್ಯಾನನ್ ಜಿಜಿಪಿಒ ಎಂಬ ರೋಲ್‌ಬ್ಯಾಕ್ ಸಾಫ್ಟ್‌ವೇರ್ ಬರೆದರು. ಹಳೆಯ ಆರ್ಕೇಡ್ (ಪಾರ್ಲರ್ ಪೆಟ್ಟಿಗೆಯ) ಆಟಗಳನ್ನು ದೂರದೂರುಗಳಿಂದ ಆಡಲು ಜನ ಅದನ್ನೇ ಬಳಸಿದರು. 2011ರ ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್ ಆನ್‌ಲೈನ್ ಆವೃತ್ತಿ, 2012ರ ಸ್ಕಲ್‌ಗರ್ಲ್ಸ್ ಕೂಡ ಅದರ ಮೇಲೆ ನಿಂತವು. 2019ರಲ್ಲಿ ಕ್ಯಾನನ್ ಅದನ್ನು ಯಾರು ಬೇಕಾದರೂ ಪುಕ್ಕಟೆ ಬಳಸಲಿ ಅಂತ ಬಿಟ್ಟುಕೊಟ್ಟರು.

ಹಾಗಾದರೆ ದೊಡ್ಡ ಕಂಪನಿಗಳು ಇಷ್ಟು ವರ್ಷ ಏನು ಮಾಡುತ್ತಿದ್ದವು? ಎರಡು ಕಾರಣ ಹೇಳಬಹುದು. ಒಂದು ಭೂಗೋಳ. ಈ ಆಟಗಳ ತವರು ಜಪಾನ್. ಚಿಕ್ಕ ದೇಶ, ಮನೆಮನೆಗೂ ಒಳ್ಳೆಯ ಫೈಬರ್. ಟೋಕಿಯೊದಿಂದ ಒಸಾಕಾಗೆ ಸುಮಾರು 400 ಕಿಲೋಮೀಟರ್. ಅಲ್ಲಿ ಕೂತು ಪರೀಕ್ಷೆ ಮಾಡಿದರೆ ಡಿಲೇ ನೆಟ್‌ಕೋಡ್ ಚೆನ್ನಾಗಿಯೇ ಓಡುತ್ತದೆ. ಮೇಲಾಗಿ ಮೂಲೆಮೂಲೆಗೂ ಆರ್ಕೇಡ್ ಇದ್ದ ನಾಡು ಅದು. ಅಮೆರಿಕದಲ್ಲಿ ಒಂದು ಕರಾವಳಿಯಿಂದ ಇನ್ನೊಂದಕ್ಕೆ 4,000 ಕಿಲೋಮೀಟರ್. ಅಲ್ಲಿನವನ ಗೋಳು ಟೋಕಿಯೊದವನ ಅನುಭವಕ್ಕೇ ಬರುವುದಿಲ್ಲ.

ಎರಡನೆಯದು ಕೆಲಸದ ಕಷ್ಟ. ಪ್ರತಿ ಫ್ರೇಮ್‌ನ ಸ್ಥಿತಿಯನ್ನು ನೆನಪಿಟ್ಟುಕೊಳ್ಳಬೇಕು. ಯಾವಾಗ ಬೇಕೋ ಆಗ ಹಿಂದೆ ಹೋಗಬೇಕು. ಎರಡೂ ಮೆಷಿನ್‌ನಲ್ಲಿ ಲೆಕ್ಕ ಕೂದಲೆಳೆಯಷ್ಟೂ ಬೇರೆಯಾಗಬಾರದು. ಮಾರ್ಟಲ್ ಕಾಂಬ್ಯಾಟ್ ಎಕ್ಸ್ 2015ರಲ್ಲಿ ಡಿಲೇ ಪದ್ಧತಿಯಲ್ಲೇ ಬಂದು, ಆಮೇಲೆ ರೋಲ್‌ಬ್ಯಾಕ್‌ಗೆ ಬದಲಾಯಿತು. ಆ ಕೆಲಸ ಮಾಡಿದ ತಂಡದವರು 2018ರಲ್ಲಿ ಗೇಮ್ ಡೆವಲಪರ್‌ಗಳ ಸಮ್ಮೇಳನದಲ್ಲಿ ತಮ್ಮ ಪಾಡು ವಿವರಿಸಿದರು. ಅವರ ಗುರಿ 16 ಮಿಲಿಸೆಕೆಂಡ್‌ನಲ್ಲಿ ಎಂಟು ಫ್ರೇಮ್ ಲೆಕ್ಕ ಮುಗಿಸುವುದು. ಒಬ್ಬರಿಗೆ ಅಡುಗೆ ಮಾಡುವ ಒಲೆಯಲ್ಲಿ, ಅದೇ ಹೊತ್ತಿಗೆ, ಎಂಟು ಜನರಿಗೆ ಬಡಿಸಿದ ಹಾಗೆ. ಶಬ್ದದ್ದು ಇನ್ನೊಂದು ತಲೆನೋವು. ಪೆಟ್ಟು ಬಿದ್ದ ಸದ್ದು ಕೇಳಿಸಿಯಾಯಿತು, ಆಮೇಲೆ ಅದು ಬಿದ್ದೇ ಇಲ್ಲ ಅಂತ ತಿಳಿಯಿತು. ಚಿತ್ರ ಹಿಂದಕ್ಕೆ ತರಬಹುದು, ಕಿವಿಗೆ ಬಿದ್ದ ಸದ್ದನ್ನು ಹೇಗೆ ವಾಪಸ್ ತರುವುದು?

ಮುಗಿದ ಮನೆಗೆ ಪ್ಲಂಬಿಂಗ್ ಮಾಡುವುದು ಎಷ್ಟು ಕಷ್ಟ ಅಂತ ಮನೆ ಕಟ್ಟಿಸಿದವರಿಗೆ ಗೊತ್ತು. ಗೋಡೆ ಒಡೆಯಬೇಕು. ಅದಕ್ಕೇ ಅಭಿಮಾನಿಗಳು ಗೇಮ್ ಬರುವ ಮೊದಲೇ, ಟ್ರೇಲರ್ ಹೊತ್ತಿಗೇ ಗಲಾಟೆ ಶುರು ಮಾಡುವುದು. ತಳಪಾಯ ಹಾಕುವಾಗ ಕೇಳದಿದ್ದರೆ ಆಮೇಲೆ ಕೇಳಿ ಏನು ಪ್ರಯೋಜನ, ಅಲ್ವಾ?

ಸ್ಟ್ರೈವ್ ಕಥೆ

ಅಭಿಮಾನಿಗಳ ಪ್ರತಿಕ್ರಿಯೆ ಒಂದು ಗೇಮನ್ನು ಹೇಗೆ ತಿದ್ದುತ್ತದೆ ಅಂತ ನೋಡಲು ಗಿಲ್ಟಿ ಗೇರ್ ಸ್ಟ್ರೈವ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ.

ಇದನ್ನು ಮಾಡಿದ್ದು ಜಪಾನಿನ ಆರ್ಕ್ ಸಿಸ್ಟಮ್ ವರ್ಕ್ಸ್. 2019ರ ಆಗಸ್ಟ್‌ನಲ್ಲಿ ಇವೊ ವೇದಿಕೆಯಲ್ಲಿ ಮೊದಲ ಟ್ರೇಲರ್ ತೋರಿಸಿದರು. ಚಿತ್ರ ಅದ್ಭುತವಾಗಿತ್ತು, ಜನ ಕಿರುಚಿದರು. ಕಿರುಚಾಟ ಮುಗಿದ ಮೇಲೆ ಅದೇ ಪ್ರಶ್ನೆ. ಈ ಕಂಪನಿಯ ಹಿಂದಿನ ಆಟಗಳೆಲ್ಲ ಡಿಲೇ. ಇದೂ ಅದೇನಾ? 2020ರ ಶುರುವಿನಲ್ಲಿ ಕಂಪನಿ ರೋಲ್‌ಬ್ಯಾಕ್ ಕೊಡುತ್ತೇವೆ ಅಂತ ಒಪ್ಪಿಕೊಂಡಿತು. ಜನ ಖುಷಿಪಟ್ಟರು, ಆದರೆ ಪೂರ್ತಿ ನಂಬಲಿಲ್ಲ. ಜಪಾನಿನಲ್ಲಿ ಮಾಡಿದ ರೋಲ್‌ಬ್ಯಾಕ್ ಬಗ್ಗೆ ಒಂದು ಕೆಟ್ಟ ನೆನಪಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಅಷ್ಟರಲ್ಲಿ ಕೊರೊನಾ ಬಂತು. ಆರ್ಕೇಡ್ ಇಲ್ಲ, ಟೂರ್ನಮೆಂಟ್ ಇಲ್ಲ, ಗೆಳೆಯನ ಮನೆ ಸೋಫಾ ಇಲ್ಲ. ಇಡೀ ಲೋಕದ ಫೈಟಿಂಗ್ ಗೇಮ್ ಒಂದೇ ದಿನಕ್ಕೆ ಆನ್‌ಲೈನ್ ಆಯಿತು. ಇದೇ ಕಂಪನಿ ಮಾಡಿದ ಗ್ರಾನ್‌ಬ್ಲೂ ಫ್ಯಾಂಟಸಿ ವರ್ಸಸ್ ಡಿಲೇ ನೆಟ್‌ಕೋಡ್ ಹೊತ್ತುಕೊಂಡು ಸರಿಯಾಗಿ ಆ ಹೊತ್ತಿಗೇ ಮಾರುಕಟ್ಟೆಗೆ ಬಂದಿತ್ತು. ಪಾಪ, ಮದುವೆ ದಿನವೇ ಮಳೆ. ಇವೊ ಕೂಟವೂ ಆನ್‌ಲೈನ್‌ಗೆ ಹೋಗಲು ತೀರ್ಮಾನಿಸಿತು. ಆಗ ಸ್ಮ್ಯಾಷ್ ಬ್ರದರ್ಸ್ ಅಲ್ಟಿಮೇಟ್‌ನಂಥ ಜನಪ್ರಿಯ ಆಟವನ್ನು ಪಟ್ಟಿಯಿಂದ ಬಿಟ್ಟು, ರೋಲ್‌ಬ್ಯಾಕ್ ಇರುವ ನಾಲ್ಕು ಆಟಗಳನ್ನು ಸೇರಿಸಿಕೊಂಡರು. ಬೇರೆಯೇ ಕಾರಣಕ್ಕೆ ಆ ವರ್ಷದ ಕೂಟ ಕೊನೆಗೆ ನಡೆಯಲಿಲ್ಲ. ಆದರೆ ಸಂದೇಶ ತಲುಪಿತ್ತು: ಒಳ್ಳೆಯ ನೆಟ್‌ಕೋಡ್ ಇಲ್ಲದವನಿಗೆ ಪಂಕ್ತಿಯಲ್ಲಿ ಎಲೆ ಇಲ್ಲ.

2020ರ ಏಪ್ರಿಲ್‌ನಲ್ಲಿ ಸ್ಟ್ರೈವ್‌ನ ಮೊದಲ ಸೀಮಿತ ಬೀಟಾ, ಅಂದರೆ ಬಿಡುಗಡೆಗೆ ಮೊದಲು ಜನರ ಕೈಗೆ ಕೊಡುವ ಪರೀಕ್ಷೆಯ ಆಟ. ಅದರಲ್ಲಿ ರೋಲ್‌ಬ್ಯಾಕ್ ಇನ್ನೂ ಸೇರಿರಲಿಲ್ಲ. ಅಭಿಮಾನಿಗಳಿಗೆ ಕೋಪ ತರಿಸಿದ್ದು ಅದಕ್ಕಿಂತ ಲಾಬಿ. ಲಾಬಿ ಅಂದರೆ ಎದುರಾಳಿಯನ್ನು ಹುಡುಕಿಕೊಳ್ಳುವ ಜಾಗ. ಬೇರೆ ಗೇಮ್‌ಗಳಲ್ಲಿ ಒಂದು ಮೆನು ಇರುತ್ತದೆ, ಒತ್ತಿದರೆ ಆಯಿತು. ಇಲ್ಲಿ ಹಳೆಯ ಕಾಲದ ಚುಕ್ಕಿಚಿತ್ರದ ಗೊಂಬೆಯಾಗಿ ಒಂದು ಗೋಪುರದ ಮಹಡಿಗಳಲ್ಲಿ ಓಡಾಡಬೇಕಿತ್ತು. ಆಯುಧ ಹಿರಿದು ನಿಲ್ಲಬೇಕಿತ್ತು. ಯಾರಾದರೂ ಬಂದು ಎದುರು ನಿಲ್ಲಬೇಕಿತ್ತು. ಹತ್ತು ಮಹಡಿ, ಅದರ ಮೇಲೆ ಸ್ವರ್ಗ. ಕಲ್ಪನೆ ಚೆನ್ನಾಗಿಯೇ ಇತ್ತು. ಆದರೆ ಬೀಟಾದಲ್ಲಿ ಎದುರು ಬದುರು ನಿಂತ ಗೊಂಬೆಗಳು ಆಟಕ್ಕೆ ಕೂಡಿಕೊಳ್ಳುತ್ತಲೇ ಇರಲಿಲ್ಲ. ಇಷ್ಟು ಸುಂದರ ಗೇಮ್‌ಗೆ ಈ ಗೊಂಬೆಗಳೇ ಗತಿಯಾ ಅಂತ ಲೇವಡಿಯೋ ಲೇವಡಿ.

ಕಂಪನಿ ಒಂದು ಒಳ್ಳೆಯ ಕೆಲಸ ಮಾಡಿತು. ಆಡಿದವರಿಂದ ಅಭಿಪ್ರಾಯ ಕೇಳಿ, ಬಂದ ದೂರುಗಳನ್ನು ಬಚ್ಚಿಡದೆ ಪ್ರಕಟಿಸಿತು. ಆ ವರ್ಷದ ಕೊನೆಗೆ ತಮ್ಮದೇ ಹಳೆಯ ಗಿಲ್ಟಿ ಗೇರ್ ಎಕ್ಸ್‌ಎಕ್ಸ್ ಆಕ್ಸೆಂಟ್ ಕೋರ್ ಪ್ಲಸ್ ಆರ್‌ಗೂ ರೋಲ್‌ಬ್ಯಾಕ್ ಹಾಕಿಕೊಟ್ಟಿತು. ಮೂಲೆಯಲ್ಲಿ ಧೂಳು ಹಿಡಿದಿದ್ದ ಆಟಕ್ಕೆ ರಾತ್ರೋರಾತ್ರಿ ಜನ ಬಂದರು.

2021ರ ಫೆಬ್ರುವರಿಯ ಮುಕ್ತ ಬೀಟಾದಲ್ಲಿ ಸ್ಟ್ರೈವ್‌ನ ರೋಲ್‌ಬ್ಯಾಕ್ ಕೊನೆಗೂ ಕೈಗೆ ಸಿಕ್ಕಿತು. ಮೊದಲ ದಿನ ಸರ್ವರ್‌ಗಳು ಮಲಗಿದವು, ಜನ ಒಳಗೆ ಹೋಗಲೂ ಆಗಲಿಲ್ಲ. ಬೀಟಾವನ್ನು ಎರಡು ದಿನ ಮುಂದುವರಿಸಬೇಕಾಯಿತು. ಆದರೆ ಒಮ್ಮೆ ಆಟ ಶುರುವಾದ ಮೇಲೆ? ಖಂಡ ದಾಟಿ ಆಡಿದರೂ ಪಕ್ಕದಲ್ಲಿ ಕೂತ ಹಾಗೆ. ಹೊಗಳಿಕೆಗೆ ಮಿತಿಯೇ ಇರಲಿಲ್ಲ. ಲಾಬಿಗೆ ಬೈಗುಳಕ್ಕೂ ಮಿತಿ ಇರಲಿಲ್ಲ. ಒಬ್ಬನೇ ಮನುಷ್ಯ ಒಂದೇ ಉಸಿರಲ್ಲಿ ಎರಡನ್ನೂ ಹೇಳುತ್ತಿದ್ದ. ಪರಿಣಾಮವಾಗಿ ಏಪ್ರಿಲ್ 9ಕ್ಕೆ ಬರಬೇಕಿದ್ದ ಗೇಮನ್ನು ಜೂನ್ 11ಕ್ಕೆ ಮುಂದೂಡಿದರು. ಲಾಬಿ ಮತ್ತು ಸರ್ವರ್ ಸರಿಮಾಡಲು ಸಮಯ ಬೇಕು ಅಂತ ನೇರವಾಗಿ ಹೇಳಿದರು.

ಬಿಡುಗಡೆಯಾದ ಮೇಲೂ ಒಂದು ಕಿರಿಕಿರಿ ಉಳಿಯಿತು. ಗೇಮ್ ತೆರೆದರೆ ‘ಸರ್ವರ್ ಜೊತೆ ಮಾತಾಡುತ್ತಿದ್ದೇವೆ’ ಎಂಬ ಸಂದೇಶ ಹಾಕಿಕೊಂಡು ನಿಮಿಷಗಟ್ಟಲೆ ಕೂರುತ್ತಿತ್ತು. ನಾನು ಒಲೆ ಮೇಲೆ ಚಹಾ ಇಟ್ಟು ಬಂದು ಆಮೇಲೆ ಆಡಲು ಕೂರುತ್ತಿದ್ದೆ. ಕಾರಣ ಹುಡುಕಿದ್ದೂ ಅಭಿಮಾನಿಗಳೇ. ಬೇಕಾದ್ದನ್ನೆಲ್ಲ ಒಂದೇ ಚೀಟಿಯಲ್ಲಿ ಬರೆದು ಅಂಗಡಿಗೆ ಕಳಿಸುವ ಬದಲು, ಉಪ್ಪಿಗೆ ಒಂದು ಸಲ, ಬೇಳೆಗೆ ಒಂದು ಸಲ, ಮೆಣಸಿಗೆ ಒಂದು ಸಲ ಓಡಿದ ಹಾಗೆ ಗೇಮ್ ಮತ್ತೆ ಮತ್ತೆ ಹೊಸದಾಗಿ ಸರ್ವರ್ ಬಾಗಿಲು ತಟ್ಟುತ್ತಿತ್ತು. ಅಂಗಡಿ ಪಕ್ಕದಲ್ಲಿದ್ದವರಿಗೆ ಗೊತ್ತಾಗಲಿಲ್ಲ. ದೂರದವರಿಗೆ ಪ್ರತಿ ಓಟವೂ ಸಮುದ್ರ ದಾಟಿ. ಪಿಸಿಯಲ್ಲಿ ಆಡುವವರೊಬ್ಬರು ಇದನ್ನು ಚುರುಕುಗೊಳಿಸುವ ಸಣ್ಣ ಪ್ರೋಗ್ರಾಂ ಬರೆದು ಹಂಚಿದರು. ಕಂಪನಿ ತನ್ನ ಕಡೆಯಿಂದ ಸರಿ ಮಾಡಿದ್ದು ಆಮೇಲೆ. ಇಷ್ಟೆಲ್ಲ ಆದರೂ 2022ರಲ್ಲಿ ಗೇಮ್ ಹತ್ತು ಲಕ್ಷ ದಾಟಿತು.

ಕನೆಕ್ಷನ್ ಇದ್ದ ಮಾತ್ರಕ್ಕೆ ನೀರು ಬರುವುದಿಲ್ಲ

ಕೆಟ್ಟ ನೆನಪು ಅಂದೆನಲ್ಲ, ಅದು ಸ್ಟ್ರೀಟ್ ಫೈಟರ್ 5. 2016ರ ಫೆಬ್ರುವರಿಯಲ್ಲಿ ಕ್ಯಾಪ್‌ಕಾಮ್ ಅದನ್ನು ತಂದಿತು. ಹೆಸರಿಗೆ ರೋಲ್‌ಬ್ಯಾಕ್ ಇದೆ. ಆಡಿದರೆ ಎದುರಾಳಿ ದೆವ್ವದ ಹಾಗೆ ಅಲ್ಲಿ ಮಾಯವಾಗಿ ಇಲ್ಲಿ ಪ್ರತ್ಯಕ್ಷ. ವಿಚಿತ್ರ ಅಂದರೆ, ಅದೇ ಪಂದ್ಯದಲ್ಲಿ ಎದುರಿನವನಿಗೆ ಎಲ್ಲ ನುಣುಪಾಗಿ ಕಾಣುತ್ತಿತ್ತು. ‘ನಿನ್ನ ನೆಟ್ ಸರಿ ಇಲ್ಲ’ ಅಂತ ಇಬ್ಬರೂ ಒಬ್ಬರಿಗೊಬ್ಬರು ಬೈದುಕೊಂಡು ವರ್ಷಗಳೇ ಕಳೆದವು.

ತೊಂದರೆ ಇದ್ದದ್ದು ಗಡಿಯಾರದಲ್ಲಿ. ನನ್ನ ಮೆಷಿನ್ ನಿಮ್ಮದಕ್ಕಿಂತ ಐದು ಫ್ರೇಮ್ ಮುಂದೆ ಓಡುತ್ತಿದೆ ಅನ್ನಿ. ಆಗ ನಿಮ್ಮ ಸುದ್ದಿ ನನಗೆ ಸದಾ ತಡ. ನಾನು ಜಾಸ್ತಿ ಊಹೆ ಮಾಡಬೇಕು, ಜಾಸ್ತಿ ತಪ್ಪಾಗುತ್ತದೆ, ಚಿತ್ರ ಹಾರುತ್ತದೆ. ನನ್ನ ಸುದ್ದಿ ಮಾತ್ರ ನಿಮಗೆ ಬೇಕಾಗುವ ಮೊದಲೇ ಬಂದು ಕೂತಿರುತ್ತದೆ. ನಿಮಗೆ ಊಹೆಯ ಕೆಲಸವೇ ಇಲ್ಲ. ಮುಂದೆ ಓಡುವ ಗಡಿಯಾರವನ್ನು ಚೂರು ನಿಧಾನ ಮಾಡಿದರೆ ಮುಗಿಯಿತು. ಆ ಚೂರು ಕೆಲಸ ನಾಲ್ಕು ವರ್ಷ ಆಗಲಿಲ್ಲ. 2020ರ ಜನವರಿಯಲ್ಲಿ ಒಬ್ಬ ಆಟಗಾರ ತಾನೇ ಒಂದು ತಿದ್ದುಪಡಿ ಬರೆದು ಪಿಸಿಯವರಿಗೆ ಹಂಚಿದ. ಮುಂದಿನ ತಿಂಗಳೇ ಕ್ಯಾಪ್‌ಕಾಮ್ ತನ್ನ ಅಧಿಕೃತ ತಿದ್ದುಪಡಿ ತಂದಿತು. ಅಭಿಮಾನಿಗಳು ಆಡಿಕೊಳ್ಳದೆ ಬಿಟ್ಟಾರಾ?

ಅಂದಿನಿಂದ ಬಲ್ಲವರ ಪ್ರಶ್ನೆಯೂ ಉದ್ದವಾಯಿತು. ಕಾವೇರಿ ಕನೆಕ್ಷನ್ ಇದೆ ಸರಿ, ವಾರಕ್ಕೆ ಎಷ್ಟು ಸಲ ಬರುತ್ತೆ? 2023ರ ಸ್ಟ್ರೀಟ್ ಫೈಟರ್ 6 ಈ ಪರೀಕ್ಷೆ ಪಾಸಾಯಿತು. ಬಿಡುಗಡೆಗೆ ಎಂಟು ತಿಂಗಳು ಮೊದಲೇ ಬೀಟಾ ಕೊಟ್ಟು, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಪಿಸಿ ಮೂರರವರನ್ನೂ ಒಟ್ಟಿಗೆ ಆಡಿಸಿ ತೋರಿಸಿದರು. 2024ರ ಟೆಕ್ಕನ್ 8ರಲ್ಲೂ ರೋಲ್‌ಬ್ಯಾಕ್ ಬಂತು. ಅಲ್ಲಿ ಶುರುವಿನ ಜಗಳ ಬೇರೆ ವಿಷಯಕ್ಕೆ. ಸೋಲುವ ಹೊತ್ತಿಗೆ ವೈರ್ ಕಿತ್ತು ಓಡಿಹೋಗುವವರಿಗೆ ಶಿಕ್ಷೆ ಸಾಲದು ಅಂತ.

ಇದರ ನಡುವೆ ನನಗೆ ತುಂಬ ಇಷ್ಟವಾದ ತಮಾಷೆ ನಿಂಟೆಂಡೊದ್ದು. 2018ರ ಸ್ಮ್ಯಾಷ್ ಅಲ್ಟಿಮೇಟ್ ಕೋಟಿಗಟ್ಟಲೆ ಮಾರಾಟವಾದ ಗೇಮ್, ಆನ್‌ಲೈನ್ ಮಾತ್ರ ಕುಂಟುತ್ತದೆ. ಅದರ ಅಜ್ಜ 2001ರ ಮೆಲೀ. ಅದಕ್ಕೆ ಆನ್‌ಲೈನ್ ಎನ್ನುವುದೇ ಇಲ್ಲ. 2020ರ ಜೂನ್‌ನಲ್ಲಿ ಅಭಿಮಾನಿಗಳು ಸ್ಲಿಪ್ಪಿ ಎಂಬ ಸಾಫ್ಟ್‌ವೇರ್ ಮೂಲಕ ಅದಕ್ಕೆ ರೋಲ್‌ಬ್ಯಾಕ್ ಹಾಕಿದರು. 19 ವರ್ಷ ಹಳೆಯ ಆಟ ಹೊಸದಕ್ಕಿಂತ ಚೆನ್ನಾಗಿ ಆನ್‌ಲೈನ್ ಓಡತೊಡಗಿತು. ನಿಂಟೆಂಡೊ ಮಾಡಿದ್ದೇನು? ಆ ನವೆಂಬರ್‌ನಲ್ಲಿ ಸ್ಲಿಪ್ಪಿ ಬಳಸಿ ನಡೆಯಬೇಕಿದ್ದ ದ ಬಿಗ್ ಹೌಸ್ ಟೂರ್ನಮೆಂಟನ್ನು ನೋಟಿಸ್ ಕೊಟ್ಟು ನಿಲ್ಲಿಸಿತು.

ನಾವಿರುವ ಜಾಗ

ನನಗೆ ಈ ಗಲಾಟೆ ಬರೀ ತಂತ್ರಜ್ಞಾನದ ಹುಚ್ಚು ಅನ್ನಿಸುವುದಿಲ್ಲ. ನೀವು ಎಲ್ಲಿದ್ದೀರಿ ಎನ್ನುವುದರ ಮೇಲೆ ನಿಮಗೆ ಎದುರಾಳಿ ಸಿಗುತ್ತಾನೋ ಇಲ್ಲವೋ ಎನ್ನುವುದು ನಿಂತಿದೆ. ಟೋಕಿಯೊದಲ್ಲಿ ಇರುವವನಿಗೆ ಪಕ್ಕದ ಬೀದಿಯಲ್ಲೇ ಹತ್ತು ಜನ. ನಮ್ಮಲ್ಲಿ ಈ ಆಟ ಆಡುವವರು ಬೆರಳೆಣಿಕೆ. ರಾತ್ರಿ ಹನ್ನೊಂದಕ್ಕೆ ಬೆಂಗಳೂರಿನಲ್ಲಿ ಕೂತು ಪಂದ್ಯ ಹುಡುಕಿದರೆ ಸಿಗುವವರು ಹೆಚ್ಚಾಗಿ ಸಿಂಗಪುರದ ಕಡೆಯವರೋ ಗಲ್ಫ್ ಕಡೆಯವರೋ. ಡಿಲೇ ನೆಟ್‌ಕೋಡ್ ಇದ್ದರೆ ಅವರೂ ಇಲ್ಲ.

ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿಂದ ಸಿಂಗಪುರ ಸುಮಾರು 3,200 ಕಿಲೋಮೀಟರ್. ಹೋಗಿ ಬರಲು ಕಡಿಮೆ ಅಂದರೂ 32 ಮಿಲಿಸೆಕೆಂಡ್. ಕೇಬಲ್ ನೇರ ಗೆರೆಯಲ್ಲಿ ಹೋಗುವುದಿಲ್ಲ, ನಡುವೆ ಹತ್ತಾರು ಕಟ್ಟೆ ದಾಟಬೇಕು. ಹಾಗಾಗಿ ನಿಜದ ಪಿಂಗ್ (ಸುದ್ದಿ ಹೋಗಿ ಬರುವ ಹೊತ್ತು) ಅದಕ್ಕಿಂತ ಜಾಸ್ತಿ. ಆದರೂ ರೋಲ್‌ಬ್ಯಾಕ್‌ಗೆ ಇದು ಹೂವೆತ್ತಿದಷ್ಟು ಸುಲಭ.

ಚಿಕ್ಕಪ್ಪನ ಮಗ ಸನಿವೇಲ್‌ನಲ್ಲಿದ್ದಾನೆ. ಪಾರ್ಲರ್ ಕಾಲದಿಂದ ನನಗೆ ಎದುರಾಳಿ. ಅವನ ಶನಿವಾರ ಸಂಜೆ, ನನ್ನ ಭಾನುವಾರ ಬೆಳಗ್ಗೆ. ನಡುವೆ 14,000 ಕಿಲೋಮೀಟರ್. ಬೆಳಕಿಗೇ ಹೋಗಿ ಬರಲು 140 ಮಿಲಿಸೆಕೆಂಡ್ ಬೇಕು, ನಿಜದಲ್ಲಿ 200 ದಾಟುತ್ತದೆ. ಸ್ಟ್ರೈವ್‌ನಲ್ಲಿ ಪಿಂಗ್ ಎಷ್ಟು, ಎಷ್ಟು ಫ್ರೇಮ್ ಹಿಂದೆ ಹೋಗುತ್ತಿದೆ ಅಂತ ಪರದೆ ಮೇಲೇ ಅಂಕಿ ಬರುತ್ತದೆ. ನಮ್ಮ ಪಂದ್ಯದಲ್ಲಿ ಆ ಅಂಕಿ ಆರು, ಏಳು ಅಂತ ಕುಣಿಯುತ್ತಿರುತ್ತದೆ. ಇದು ರೋಲ್‌ಬ್ಯಾಕ್‌ಗೂ ಏದುಸಿರು ಬರುವ ಜಾಗ. ಅವನ ವೇಗದ ಗುದ್ದುಗಳ ಶುರುವೇ ನನಗೆ ಕಾಣುವುದಿಲ್ಲ, ನೇರ ಮುಖಕ್ಕೆ. ಆದರೂ ಆಡುತ್ತೇವೆ. ಹಳೆಯ ಡಿಲೇ ಆಟದಲ್ಲಿ ಒಮ್ಮೆ ಪ್ರಯತ್ನಿಸಿದ್ದೆವು, ಗುಂಡಿ ಒತ್ತಿ ನೀರು ಕುಡಿದು ಬರಬಹುದಿತ್ತು.

ನಮ್ಮ ಮನೆಯಲ್ಲಿ ವೈಫೈ ಬಿಟ್ಟು ವೈರ್ ಎಳೆದದ್ದೂ ಅವನ ಕಾಟಕ್ಕೇ. ವೈಫೈ ವೇಗ ಕಡಿಮೆ ಅಂತಲ್ಲ. ಸ್ಪೀಡ್ ಟೆಸ್ಟ್ ಮಾಡಿದರೆ ಚೆನ್ನಾಗಿಯೇ ತೋರಿಸುತ್ತದೆ. ಅದರ ಚಾಳಿ ನಮ್ಮ ಸಿಟಿ ಬಸ್ಸಿನದು. ಅರ್ಧ ಗಂಟೆ ಒಂದೂ ಇಲ್ಲ, ಆಮೇಲೆ ಮೂರು ಒಟ್ಟಿಗೆ. ಸಿನಿಮಾ ನೋಡುವವನಿಗೆ ಇದು ತೊಂದರೆಯಲ್ಲ, ನಾಲ್ಕು ಬಸ್ಸಿನ ಜನವನ್ನು ಮೊದಲೇ ತುಂಬಿಸಿಟ್ಟುಕೊಂಡಿರುತ್ತಾನೆ. ಪ್ರತಿ 16.7 ಮಿಲಿಸೆಕೆಂಡಿಗೆ ಒಂದು ಬಸ್ ಬೇಕಾದವನಿಗೆ ಬಸ್ ತಪ್ಪಿದರೆ ಊಹೆಯೇ ಗತಿ. ಅದಕ್ಕೇ ಎದುರಾಳಿ ವೈಫೈನಲ್ಲಿದ್ದಾನಾ ವೈರ್‌ನಲ್ಲಿದ್ದಾನಾ ಅಂತ ತೋರಿಸುವ ಚಿಹ್ನೆ ಇರಬೇಕು ಅಂತ ಅಭಿಮಾನಿಗಳು ಹಟ ಹಿಡಿಯುವುದು. ಅದು ಬಂದ ಮೇಲೆ ವೈಫೈ ಗುರುತು ಕಂಡರೆ ಪಂದ್ಯ ಒಲ್ಲೆ ಅನ್ನುವ ಮಡಿವಂತರೂ ಹುಟ್ಟಿಕೊಂಡರು, ಅದು ಬೇರೆ ಮಾತು.

ಹಾಲ್ ಮಧ್ಯೆ ಹಾದುಹೋದ ಆ ನೀಲಿ ವೈರಿಗೆ ಅಮ್ಮ ವಾರಕ್ಕೊಮ್ಮೆ ಎಡವುತ್ತಾರೆ. ಕಳೆದ ಭಾನುವಾರ ಕೊನೆಯ ಸುತ್ತಿನಲ್ಲಿ ನನ್ನ ಪ್ರಾಣ ಒಂದು ಗೆರೆಯಷ್ಟು ಉಳಿದಿತ್ತು, ಅವನದೂ ಅಷ್ಟೇ. ಅಮ್ಮ ಪೂಜೆ ಹೂವಿನ ಬುಟ್ಟಿ ಹಿಡಿದು ಬಂದರು. ಪರದೆ ನಿಂತಿತು. ಫೋನ್ ಬಡಿದುಕೊಂಡಿತು.

‘ಸೋಲೋ ಹೊತ್ತಿಗೆ ವೈರ್ ಕಿತ್ಯಲ್ಲೋ’ ಅಂದ.

‘ದೊಡ್ಡಮ್ಮನ್ನೇ ಕೇಳು’ ಅಂತ ಫೋನನ್ನು ಅಮ್ಮನ ಕೈಗೆ ಕೊಟ್ಟೆ.